ಚೆಂಡು ಕಳೆದುಕೊಂಡ ಮರುಕ್ಷಣ

ಗೋಲಾಗದ ಒಂದು ಓಟವನ್ನು ಲಿವರ್‌ಪೂಲ್ ಅಭಿಮಾನಿಗಳು ಇಂದಿಗೂ ನೆನೆಸಿಕೊಳ್ಳುತ್ತಾರೆ. 2018ರ ಜನವರಿ 14, ಆನ್‌ಫೀಲ್ಡ್ ಮೈದಾನ. ಎದುರಿಗಿದ್ದದ್ದು ಆ ಋತುವಿನ ಲೀಗ್‌ನಲ್ಲಿ ಅದುವರೆಗೆ ಸೋಲೇ ಕಾಣದಿದ್ದ ಮ್ಯಾಂಚೆಸ್ಟರ್ ಸಿಟಿ. ಲಿವರ್‌ಪೂಲ್ ಆಗಲೇ 4–1ರಿಂದ ಮುಂದಿತ್ತು. ಇನ್ನು ಹೊತ್ತು ಕಳೆದರೆ ಸಾಕು ಎನ್ನುವ ಸ್ಥಿತಿ. ಅಂಥ ವೇಳೆಯಲ್ಲಿ ಎಡಬದಿಯ ಡಿಫೆಂಡರ್ ಆಂಡಿ ರಾಬರ್ಟ್‌ಸನ್ ಚೆಂಡಿನ ಬೆನ್ನು ಹತ್ತಿದ. ಸಿಟಿಯ ಒಬ್ಬ ಪಾಸ್ ಕೊಟ್ಟು ತಪ್ಪಿಸಿಕೊಂಡ; ಈತ ಪಾಸ್ ಪಡೆದವನತ್ತ ಓಡಿದ. ಅವನೂ ಚೆಂಡು ದಾಟಿಸಿದ. ಈತ ಅಲ್ಲಿಗೂ ಹೋದ. ಹೀಗೆ ಒಬ್ಬರಾದ ಮೇಲೊಬ್ಬರನ್ನು ಅಟ್ಟುತ್ತ, ತನ್ನ ಜಾಗವನ್ನು ಎಲ್ಲೋ ಹಿಂದೆ ಬಿಟ್ಟು, ಎದುರಾಳಿ ಗೋಲ್‌ಕೀಪರ್ ಎಡರ್ಸನ್‌ನ ಕಾಲಬುಡದವರೆಗೂ ಹೋದ. ಚೆಂಡು ಸಿಗಲಿಲ್ಲ, ಓಟ ಒಂದು ಫೌಲ್‌ನಲ್ಲಿ ಮುಗಿಯಿತು. ಆದರೂ ಗ್ಯಾಲರಿ ಗೋಲಾದಷ್ಟೇ ಜೋರಾಗಿ ಕೂಗಿತು.

ಆ ಕೂಗು ನನಗೆ ತುಂಬ ಇಷ್ಟ. ತಂಡ ಏನು ಮಾಡಲು ಹೊರಟಿದೆ ಎಂಬುದು ಗ್ಯಾಲರಿಯ ಕೊನೆಯ ಸಾಲಿನವನಿಗೂ ತಿಳಿದಿದ್ದರೆ ಮಾತ್ರ ಅಂಥ ಕೂಗು ಹೊರಡುತ್ತದೆ. ಚೆಂಡು ಕಾಲಲ್ಲಿ ಇದ್ದಾಗ ಆಡುವುದು ಸರಿ. ಇಲ್ಲದಾಗ ಆಡುವುದು ಹೇಗೆ? ಫುಟ್‌ಬಾಲ್‌ನ ಕಳೆದ ಅರುವತ್ತು ವರ್ಷಗಳ ಯೋಚನೆಯಲ್ಲಿ ಬಹುಪಾಲು ಈ ಪ್ರಶ್ನೆಯ ಸುತ್ತಲೇ ನಡೆದಿದೆ. ಹಿಂದೆ ಸರಿದು ಗೋಲಿನ ಮುಂದೆ ಗೋಡೆ ಕಟ್ಟುವುದು ಒಂದು ದಾರಿ. ಮುಂದೆ ನುಗ್ಗಿ ಎದುರಾಳಿಯ ಅಂಗಳದಲ್ಲೇ, ಅವನ ಗೋಲಿನ ಬಾಗಿಲಲ್ಲೇ ಚೆಂಡು ಕಿತ್ತುಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ ಹೈ ಪ್ರೆಸ್ ಎನ್ನುತ್ತಾರೆ. ಮೊದಲನೆಯದನ್ನು ನಾನು ಗೌರವಿಸುತ್ತೇನೆ, ಎರಡನೆಯದನ್ನು ಪ್ರೀತಿಸುತ್ತೇನೆ.

ನನ್ನ ಗೆಳೆಯರೊಬ್ಬರಿಗೆ ಈ ಪ್ರೀತಿ ಹಿಡಿಸುವುದಿಲ್ಲ. ಅವರು ಮರಡೋನಾ ಕಾಲದವರು. 1986ರಲ್ಲಿ ಇಂಗ್ಲೆಂಡ್ ವಿರುದ್ಧ ಆತ ಚೆಂಡನ್ನು ಕಾಲಿಗಂಟಿಸಿಕೊಂಡು ಒಬ್ಬೊಬ್ಬರನ್ನೇ ದಾಟಿ ಹೋದದ್ದೇ ಅವರ ಪಾಲಿಗೆ ಆಟದ ಶಿಖರ. "ಕಾಲಲ್ಲಿ ಕಲೆ ಇದ್ದವನು ಆಡುತ್ತಾನೆ, ಇಲ್ಲದವನು ಓಡುತ್ತಾನೆ" ಎನ್ನುತ್ತಾರೆ. ಈ ಮಾತಿನ ಹಿಂದಿರುವ ಪ್ರೀತಿಯನ್ನು ನಾನು ಬಲ್ಲೆ. ನಮ್ಮಲ್ಲಿ ಫುಟ್‌ಬಾಲ್ ಹಚ್ಚಿಕೊಂಡ ಊರುಗಳೆಲ್ಲ ಕಾಲಿನ ಜಾದೂಗೆ ಮರುಳಾಗಿಯೇ ಹಚ್ಚಿಕೊಂಡವು. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಆದರೆ ಗೆಳೆಯರ ವಾದದಲ್ಲಿ ಒಂದು ತೊಡಕಿದೆ. ಪ್ರೆಸ್ ಮಾಡುವುದೆಂದರೆ ಬರೀ ಓಡುವುದು ಎಂದು ಅವರು ಹಿಡಿದುಬಿಟ್ಟಿದ್ದಾರೆ. ಅದು ಮೊದಲಿಗೆ ಬುದ್ಧಿಯ ಕೆಲಸ, ಆಮೇಲೆ ಕಾಲಿನದು.

ಇದರ ಬೇರು ಹುಡುಕಿ ಹೊರಟರೆ ಸೋವಿಯತ್ ಕಾಲದ ಕೀವ್ ನಗರಕ್ಕೆ ಹೋಗಬೇಕು. 1964ರಲ್ಲಿ ಡೈನಮೊ ಕೀವ್ ತಂಡಕ್ಕೆ ಕೋಚ್ ಆಗಿ ಬಂದ ವಿಕ್ಟರ್ ಮಾಸ್ಲೊವ್, ಇಂತಿಂಥವನನ್ನು ಇಂತಿಂಥವನೇ ಹಿಂಬಾಲಿಸಬೇಕು ಎಂಬ ಹಳೆಯ ಕ್ರಮವನ್ನು ಕೈಬಿಟ್ಟು, ಚೆಂಡು ಇರುವ ಕಡೆ ತಂಡವೇ ಒಟ್ಟಾಗಿ ಮುತ್ತುವುದನ್ನು ಕಲಿಸಿದ. 1966, 67, 68, ಮೂರು ವರ್ಷ ಸತತವಾಗಿ ಸೋವಿಯತ್ ಚಾಂಪಿಯನ್ ಪಟ್ಟ. ಮಾಸ್ಲೊವ್‌ನ ಯೋಜನೆಯಲ್ಲಿ ಅಂಚಿನಲ್ಲಿ ನಿಂತು ಚೆಂಡಿಗಾಗಿ ಕಾಯುವ ವಿಂಗರ್‌ಗೆ ಜಾಗವಿರಲಿಲ್ಲ. ಹಾಗೆ ಜಾಗ ಕಳೆದುಕೊಂಡವನೊಬ್ಬ ವಲೇರಿ ಲೊಬನೊವ್‌ಸ್ಕಿ. ಎಡ ಅಂಚಿನ ಸೊಗಸುಗಾರ, ಬಾಗುವ ಕಾರ್ನರ್ ಕಿಕ್‌ಗೆ ಹೆಸರಾದವನು. ಇಬ್ಬರಿಗೂ ಸರಿಹೋಗದೆ ಅವನು ಕ್ಲಬ್ಬನ್ನೇ ಬಿಟ್ಟ. 1973ರ ಕೊನೆಗೆ ಅದೇ ಕ್ಲಬ್ಬಿಗೆ ಕೋಚ್ ಆಗಿ ಮರಳಿದ ಅವನು, ತನ್ನನ್ನು ಹೊರಗಿಟ್ಟ ಆ ಚಿಂತನೆಯನ್ನೇ ಮಾಸ್ಲೊವ್‌ಗಿಂತ ಬಹುದೂರ ಒಯ್ದ. ಜೆಲೆಂತ್ಸೊವ್ ಎಂಬ ವಿಜ್ಞಾನಿಯನ್ನು ಜೊತೆಗಿಟ್ಟುಕೊಂಡು ಆಟವನ್ನು ಲೆಕ್ಕಕ್ಕೆ ಇಳಿಸಿದ. ಪ್ರೆಸ್ಸಿಂಗ್‌ನಲ್ಲಿ ಮೂರು ಬಗೆ ಎಂದ: ಎದುರಾಳಿಯ ಅಂಗಳದ ಒಳಗೇ ನಡೆಯುವ ಪೂರ್ತಿ ಪ್ರೆಸ್, ನಡುಮೈದಾನದಿಂದ ಶುರುವಾಗುವ ಅರ್ಧ ಪ್ರೆಸ್, ಮತ್ತೆ ಸುಳ್ಳು ಪ್ರೆಸ್. ಈ ಮೂರನೆಯದು ನನಗೆ ಬಹಳ ಮೆಚ್ಚು. ಒಬ್ಬ ಮಾತ್ರ ನುಗ್ಗಿ ಹೋಗುತ್ತಾನೆ, ಉಳಿದವರು ಉಸಿರು ಸುಧಾರಿಸಿಕೊಳ್ಳುತ್ತಾರೆ. ಎದುರಾಳಿ ಮಾತ್ರ ಇಡೀ ತಂಡವೇ ಬಂತೆಂದು ಹೆದರಿ ಚೆಂಡು ಒದ್ದುಬಿಡುತ್ತಾನೆ.

1983ರ ಚಳಿಗಾಲದಲ್ಲಿ ಈ ಕೀವ್ ತಂಡ ತರಬೇತಿಗೆಂದು ಜರ್ಮನಿಗೆ ಬಂದಿತ್ತು. ಅಭ್ಯಾಸಕ್ಕೊಂದು ಪಂದ್ಯ ಬೇಕಲ್ಲ, ಹತ್ತಿರದ ಬಾಕ್‌ನಾಂಗ್ ಎಂಬ ಸಣ್ಣ ಊರಿನ ತಂಡದೊಡನೆ ಆಡಿದರು. ಆ ತಂಡದ ಆಟಗಾರನೂ ಕೋಚೂ ಒಬ್ಬನೇ, 24ರ ಹರೆಯದ ರಾಲ್ಫ್ ರಾಂಗ್ನಿಕ್. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಅವನಿಗೆ ಗೊಂದಲ. ಯಾರ ಕಾಲಿಗೆ ಚೆಂಡು ಬಂದರೂ ಎದುರಿಗೆ ಇಬ್ಬರು, ಮೂವರು. ಚೆಂಡು ಗೆರೆಯಾಚೆ ಹೋದಾಗ ಅವನು ನಿಂತು ಎದುರಾಳಿಗಳನ್ನು ಎಣಿಸಿದನಂತೆ, ಎಲ್ಲಾದರೂ ಹದಿಮೂರೋ ಹದಿನಾಲ್ಕೋ ಜನ ಇಳಿದಿದ್ದಾರೆಯೇ ಎಂದು. ಇದ್ದವರು ಹನ್ನೊಂದೇ. ಆ ಹನ್ನೊಂದರ ಮರ್ಮವನ್ನು ಅವನು ಜೀವನಪೂರ್ತಿ ಬೆನ್ನಟ್ಟಿದ. 1998ರಲ್ಲಿ ಜರ್ಮನ್ ಟಿವಿಯಲ್ಲಿ ಹಲಗೆಯ ಮೇಲೆ ಬಿಲ್ಲೆಗಳನ್ನಿಟ್ಟು ನಾಲ್ವರ ಸಾಲಿನ ರಕ್ಷಣೆಯನ್ನು ವಿವರಿಸಿದ್ದಕ್ಕೆ ಅವನಿಗೆ 'ಪ್ರೊಫೆಸರ್' ಎಂಬ ಹೆಸರು ಬಿತ್ತು. ಅದರಲ್ಲಿ ಮೆಚ್ಚುಗೆಗಿಂತ ಕುಹಕವೇ ಹೆಚ್ಚಿತ್ತು. ಇಂದು ಜರ್ಮನಿಯಿಂದ ಹೊರಟ ಕೋಚ್‌ಗಳ ಆಟ ನೋಡುವಾಗೆಲ್ಲ ಆ ಕುಹಕದವರನ್ನು ಒಮ್ಮೆ ಭೇಟಿಯಾಗಬೇಕು ಅನಿಸುತ್ತದೆ.

ಇತ್ತ ಇಟಲಿಯಲ್ಲಿ ಅರಿಗೊ ಸಾಕ್ಕಿ. ತಂದೆಯ ಕಾರ್ಖಾನೆಯ ಚಪ್ಪಲಿ, ಬೂಟು ಮಾರುತ್ತಿದ್ದವನು. ವೃತ್ತಿಪರ ಆಟಗಾರನಾಗಿ ಒಂದು ದಿನವೂ ಮೈದಾನಕ್ಕಿಳಿದವನಲ್ಲ. ಅಂಥವನನ್ನು 1987ರಲ್ಲಿ ಎ.ಸಿ. ಮಿಲಾನ್‌ಗೆ ಕೋಚ್ ಮಾಡಿದಾಗ ಪತ್ರಿಕೆಗಳು ಹುಬ್ಬೇರಿಸಿದವು. ಕುದುರೆ ಸವಾರನಾಗಲು ಮೊದಲು ಕುದುರೆಯಾಗಿ ಹುಟ್ಟಬೇಕೇ ಎಂದು ಆತ ಕೇಳಿದ್ದು ಈಗ ಎಲ್ಲರ ಬಾಯಲ್ಲಿದೆ. ನನಗೆ ಅದಕ್ಕಿಂತ ಹೆಚ್ಚು ಮುಖ್ಯ ಅನಿಸುವುದು ಆತನ ಅಭ್ಯಾಸದ ಕ್ರಮ. ಚೆಂಡೇ ಇಲ್ಲದೆ ಆಡಿಸುತ್ತಿದ್ದ! ಇಲ್ಲದ ಚೆಂಡು ಎಲ್ಲಿದೆಯೆಂದು ಆತ ಕೂಗಿ ಹೇಳುತ್ತಿದ್ದ. ಹನ್ನೊಂದೂ ಜನ ಅದಕ್ಕೆ ತಕ್ಕಂತೆ ಒಂದೇ ಮೈಯಾಗಿ ಸರಿಯಬೇಕಿತ್ತು. ಮುಂದಿನ ಫಾರ್ವರ್ಡ್‌ಗೂ ಹಿಂದಿನ ಡಿಫೆಂಡರ್‌ಗೂ ನಡುವೆ 25 ಮೀಟರಿಗಿಂತ ಹೆಚ್ಚು ಅಂತರ ಕೂಡದು. ಮೈದಾನದ ಉದ್ದ ನೂರು ಮೀಟರಿಗೂ ಮಿಕ್ಕಿದ್ದು. ಅಷ್ಟು ಬಯಲಿದ್ದೂ ಎದುರಾಳಿ ಆ 25 ಮೀಟರಿನ ಪಟ್ಟಿಯೊಳಗೇ ದಾರಿ ಹುಡುಕಬೇಕು.

ಇದೆಲ್ಲ ಏತಕ್ಕೆ ಎಂದು ಗುಲ್ಲಿಟ್, ವಾನ್ ಬಾಸ್ಟನ್‌ರಂಥ ತಾರೆಯರು ಕೇಳಿದಾಗ ಸಾಕ್ಕಿ ಒಂದು ಪಂದ್ಯ ಏರ್ಪಡಿಸಿದ. ಒಂದು ಕಡೆ ಗೋಲ್‌ಕೀಪರ್ ಗಲ್ಲಿ ಮತ್ತು ನಾಲ್ವರು ಡಿಫೆಂಡರ್‌ಗಳು: ತಸ್ಸೊತ್ತಿ, ಬರೇಸಿ, ಕೊಸ್ತಕುರ್ತ, ಮಾಲ್ದಿನಿ. ಇನ್ನೊಂದು ಕಡೆ ಗುಲ್ಲಿಟ್, ವಾನ್ ಬಾಸ್ಟನ್, ರೈಕಾರ್ಡ್, ಆಂಚೆಲೊತ್ತಿ, ದೊನದೋನಿ ಸೇರಿ ಹತ್ತು ಜನ. ಹದಿನೈದು ನಿಮಿಷ ಸಮಯ. ಐವರ ಜಾಗ ಗೊತ್ತಾಗಿತ್ತು, ಹತ್ತು ಜನ ತಮಗೆ ತೋಚಿದಂತೆ ಆಡಬಹುದಿತ್ತು. ಹತ್ತು ಜನಕ್ಕೆ ಒಂದು ಗೋಲೂ ದಕ್ಕಲಿಲ್ಲ. ಆ ಹತ್ತರಲ್ಲಿ ಆ ಕಾಲದ ಜಗತ್ತಿನ ಅತ್ಯುತ್ತಮ ಮುನ್ಪಡೆಯೇ ಇತ್ತು ಎನ್ನುವುದನ್ನು ನೆನಪಿಡಿ. 1989ರ ಏಪ್ರಿಲ್ 19ರಂದು ಇದೇ ಮಿಲಾನ್ ತನ್ನ ಮನೆಯಂಗಳದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 5–0ಯಿಂದ ಸೋಲಿಸಿತು. ಗೋಲು ಹೊಡೆದವರು ಐವರೂ ಬೇರೆ ಬೇರೆಯವರು. ಆ ವರ್ಷದ ಯುರೋಪಿಯನ್ ಕಪ್ಪೂ ಅವರದೇ, ಮರುವರ್ಷದ್ದೂ ಅವರದೇ.

ಕಬಡ್ಡಿ ನೋಡಿ ಬೆಳೆದವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. ರೈಡರ್ ಅಂಕಣದೊಳಗೆ ಬಂದಾಗ ಹಿಡಿಯುವವರು ಕೈಕೈ ಕೋದು ಅರ್ಧಚಂದ್ರವಾಗಿ ನಿಲ್ಲುತ್ತಾರೆ. ಮೂಲೆಯಲ್ಲಿ ಒಂದಿಷ್ಟು ಜಾಗ ತೆರೆದಿಟ್ಟಿರುತ್ತಾರೆ, ಅದು ಆಮಿಷ. ಅವನು ಆ ಕಡೆ ಕಾಲಿಟ್ಟನೆಂದರೆ ಒಬ್ಬ ಕಾಲಿಗೆ, ಒಬ್ಬ ಸೊಂಟಕ್ಕೆ. ಉಳಿದವರು ಗೆರೆಯತ್ತ ಓಡುವ ದಾರಿಗೆ ಅಡ್ಡ. ಒಬ್ಬನೇ ಅವಸರಪಟ್ಟು ಮುಂದೆ ಜಿಗಿದರೆ ಅವನನ್ನು ಮುಟ್ಟಿಕೊಂಡು ರೈಡರ್ ಪಾರಾಗುತ್ತಾನೆ. ಹೈ ಪ್ರೆಸ್‌ನಲ್ಲೂ ಹಾಗೆಯೇ, ಒಬ್ಬನೇ ಓಡಿದರೆ ಆಯಾಸ ಬಿಟ್ಟು ಬೇರೇನೂ ಗಿಟ್ಟುವುದಿಲ್ಲ. ಹನ್ನೊಂದೂ ಜನಕ್ಕೆ ಹೊರಡುವ ಗಳಿಗೆ ಒಂದೇ ಆಗಿರಬೇಕು. ಆ ಗಳಿಗೆಗೆ ಗೊತ್ತಾದ ಗುರುತುಗಳಿವೆ. ಬಿರುಸಿಲ್ಲದ ಪಾಸ್ ಒಂದು. ನಮ್ಮ ಗೋಲಿಗೆ ಬೆನ್ನು ಹಾಕಿ ಚೆಂಡು ಪಡೆದವನು ಇನ್ನೊಂದು. ಚೆಂಡು ಕಾಲಿಗೆ ಒಗ್ಗದೆ ಪುಟಿಯಿತು, ಹೊರಡು. ಅಂಚಿನ ಗೆರೆಯ ಬಳಿ ಫುಲ್‌ಬ್ಯಾಕ್‌ಗೆ ಚೆಂಡು ಹೋಯಿತು, ಹೊರಡು. ಆ ಬಿಳಿಗೆರೆ ಹನ್ನೆರಡನೆಯ ಆಟಗಾರನ ಕೆಲಸ ಮಾಡುತ್ತದೆ.

ಜರ್ಮನ್ ಕೋಚ್ ಯೂರ್ಗನ್ ಕ್ಲಾಪ್ ಇದಕ್ಕೆ ಇನ್ನೊಂದು ಮುಖ ಕೊಟ್ಟ. ಮೈಂಟ್ಸ್‌ನಲ್ಲಿ ಅವನು ಆಟಗಾರನಾಗಿದ್ದಾಗ ಕೋಚ್ ವೋಲ್ಫ್‌ಗಾಂಗ್ ಫ್ರಾಂಕ್ ಸಾಕ್ಕಿಯ ಮಿಲಾನ್ ಆಡಿದ ವಿಡಿಯೊಗಳನ್ನು ತಂಡಕ್ಕೆ ಮತ್ತೆ ಮತ್ತೆ ತೋರಿಸುತ್ತಿದ್ದನಂತೆ. ಅಲ್ಲಿಂದ ಕ್ಲಾಪ್ ಹಿಡಿದದ್ದು ಚೆಂಡು ಕಳೆದುಕೊಂಡ ಮರುಕ್ಷಣವನ್ನು. ಸಾಮಾನ್ಯ ತಂಡ ಚೆಂಡು ಹೋದ ಕೂಡಲೇ ತಲೆ ತಗ್ಗಿಸಿ ಹಿಂದಕ್ಕೆ ಓಡುತ್ತದೆ. ಕ್ಲಾಪ್‌ನ ತಂಡ ಆ ಕ್ಷಣಕ್ಕೇ ಮುಂದಕ್ಕೆ ಎರಗುತ್ತದೆ. ಯಾಕೆಂದರೆ ಚೆಂಡು ಆಗತಾನೆ ಗೆದ್ದ ತಂಡದಷ್ಟು ಚೆದುರಿದ ತಂಡ ಇನ್ನೊಂದಿಲ್ಲ. ಗೆದ್ದವನ ಕಣ್ಣು ಇನ್ನೂ ಚೆಂಡಿನ ಮೇಲಿದೆ, ಸುತ್ತ ಯಾರಿದ್ದಾರೆಂದು ಅವನಿನ್ನೂ ನೋಡಿಲ್ಲ. ಅವನ ಜೊತೆಗಾರರು ದಾಳಿಗೆಂದು ಅಗಲಕ್ಕೆ ಹರಡಿಕೊಳ್ಳಲು ಹೊರಟಿದ್ದಾರೆ. ಆಗ ಚೆಂಡು ಕಿತ್ತರೆ ಗೋಲಿನ ಮುಂದೆ ಬಯಲು. ಒಳ್ಳೆಯ ಪ್ರೆಸ್‌ಗೆ ಸಮನಾದ ಪ್ಲೇಮೇಕರ್ ಜಗತ್ತಿನಲ್ಲಿಲ್ಲ ಎಂಬರ್ಥದ ಮಾತನ್ನು ಕ್ಲಾಪ್ ಆಡಿದ್ದು ಈ ಲೆಕ್ಕದ ಮೇಲೆಯೇ. ಈ ಆಟದಿಂದಲೇ ಅವನ ಡಾರ್ಟ್‌ಮಂಡ್ ತಂಡ 2011, 2012ರಲ್ಲಿ ಜರ್ಮನ್ ಲೀಗ್ ಗೆದ್ದದ್ದು.

ಲಿವರ್‌ಪೂಲ್‌ನಲ್ಲಿ ಅವನು ಕಟ್ಟಿದ 4-3-3 ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಮುಂದೆ ಮೂವರು: ಬಲಕ್ಕೆ ಸಲಾ, ಎಡಕ್ಕೆ ಮಾನೆ, ನಡುವೆ ಫಿರ್ಮಿನೊ. ಬೇರೆ ತಂಡಗಳಲ್ಲಿ ನಡುವಿನವನು ಎದುರಾಳಿಯ ಸೆಂಟರ್‌ಬ್ಯಾಕ್‌ಗಳ ಮೇಲೆ ಹೋಗುತ್ತಾನೆ, ಅಂಚಿನವರು ಫುಲ್‌ಬ್ಯಾಕ್‌ಗಳನ್ನು ಕಾಯುತ್ತಾರೆ. ಇಲ್ಲಿ ತಿರುವುಮುರುವು. ಸಲಾ ಮತ್ತು ಮಾನೆ ಹೊರಗಿನಿಂದ ಒಳಕ್ಕೆ ಬಿಲ್ಲಿನಂತೆ ಬಾಗಿ ಓಡಿ ಸೆಂಟರ್‌ಬ್ಯಾಕ್ ಮೇಲೆ ಬೀಳುತ್ತಿದ್ದರು. ಹಾಗೆ ಬಾಗಿ ಓಡುವವನ ಬೆನ್ನ ಹಿಂದೆ ಫುಲ್‌ಬ್ಯಾಕ್ ಮರೆಯಾಗಿಬಿಡುತ್ತಾನೆ. ಕೋಚ್‌ಗಳು ಇದನ್ನು ಕವರ್ ಶ್ಯಾಡೋ ಎನ್ನುತ್ತಾರೆ. ಒಬ್ಬನೇ ಓಡಿ ಇಬ್ಬರನ್ನು ಕಟ್ಟಿಹಾಕಿದ ಹಾಗಾಯಿತು. ಅಂಚಿನ ದಾರಿ ಮುಚ್ಚಿದ ಮೇಲೆ ಚೆಂಡು ನಡುವಿಗೇ ಬರಬೇಕು. ಅಲ್ಲಿ ಫಿರ್ಮಿನೊ, ಅವನ ಹಿಂದೆ ಮೂವರು ಮಿಡ್‌ಫೀಲ್ಡರ್‌ಗಳು. ಎದುರಾಳಿ ಜಾಣನಾಗಿದ್ದು ಸಲಾನ ತಲೆಯ ಮೇಲಿಂದ ಚೆಂಡನ್ನು ಎತ್ತಿ ಫುಲ್‌ಬ್ಯಾಕ್‌ಗೆ ತಲುಪಿಸಿದ ಅನ್ನಿ, ಆಗ ಆ ಮೂವರಲ್ಲೊಬ್ಬನಾದ ಹೆಂಡರ್ಸನ್ ನಡುವಿನಿಂದ ಅಂಚಿಗೆ ಧಾವಿಸಬೇಕು. ಉಳಿದಿಬ್ಬರು ಅವನು ಬಿಟ್ಟ ಜಾಗಕ್ಕೆ ಜರುಗಬೇಕು. ಹಿಂದಿನ ನಾಲ್ವರು ಮುಂದಕ್ಕೆ ಏರಬೇಕು. ಇದನ್ನು ಯಾರೂ ಕೂಗಿ ಹೇಳುವಷ್ಟು ಸಮಯ ಇರುವುದಿಲ್ಲ.

ಫಿರ್ಮಿನೊ ಬಗ್ಗೆ ಎರಡು ಮಾತು ಹೆಚ್ಚಾದರೂ ಚಿಂತೆಯಿಲ್ಲ. 2018–19ರ ಪ್ರೀಮಿಯರ್ ಲೀಗ್‌ನಲ್ಲಿ ಸಲಾ 22 ಗೋಲು, ಮಾನೆ 22 ಗೋಲು. ಸೆಂಟರ್‌ಫಾರ್ವರ್ಡ್ ಎನಿಸಿಕೊಂಡ ಫಿರ್ಮಿನೊ 12. ಮರುವರ್ಷ, ಲಿವರ್‌ಪೂಲ್ 99 ಅಂಕ ಗಳಿಸಿ ಲೀಗ್ ಗೆದ್ದಾಗ, 9. ಗೋಲು ಎಣಿಸುವವರು ಅವನ ಜಾಗಕ್ಕೆ ಬೇರೊಬ್ಬನನ್ನು ತರಬೇಕೆಂದು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು. ಆ ತಂಡದ ಹೃದಯ ಅವನೇ ಎಂದು ನಾನು ನಂಬಿದ್ದೇನೆ. ಎದುರಾಳಿ ಮಿಡ್‌ಫೀಲ್ಡರ್ ಚೆಂಡು ಪಡೆದು ತಿರುಗುವಷ್ಟರಲ್ಲಿ ಹಿಂದಿನಿಂದ ಸದ್ದಿಲ್ಲದೆ ಬಂದು ಚೆಂಡು ಎತ್ತಿಕೊಂಡು ಹೋಗುತ್ತಿದ್ದ. ಪ್ರೆಸ್ ಅಳೆಯಲು ಈಗ ಒಂದು ಸೂಚ್ಯಂಕವಿದೆ: ನಾವು ಒಮ್ಮೆ ಅಡ್ಡಬೀಳುವ ಮೊದಲು ಎದುರಾಳಿ ಎಷ್ಟು ಪಾಸ್ ಮಾಡಿದ ಎಂದು ಎಣಿಸುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಪ್ರೆಸ್ ಬಿಗಿ. ಒಳ್ಳೆಯ ಅಳತೆಯೇ. ಆದರೆ ಫಿರ್ಮಿನೊ ಎರಡು ಹೆಜ್ಜೆ ಪಕ್ಕಕ್ಕಿಟ್ಟದ್ದರಿಂದ ಆಗದೇ ಉಳಿದ ಪಾಸ್ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಿಯಮಗಳೂ ಈ ಆಟಕ್ಕೆ ಇಂಬು ಕೊಟ್ಟಿವೆ. 1992ರಲ್ಲಿ, ಜೊತೆಗಾರ ಬೇಕೆಂದೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಕೂಡದು ಎಂದಾಯಿತು. ಅಟ್ಟಿಸಿಕೊಂಡು ಬಂದವನಿಂದ ತಪ್ಪಿಸಿಕೊಳ್ಳುವ ಸುಲಭದ ಬಾಗಿಲು ಮುಚ್ಚಿತು. 2019ರಲ್ಲಿ, ಗೋಲ್ ಕಿಕ್ ತೆಗೆದಾಗ ಚೆಂಡು ಪೆನಾಲ್ಟಿ ಆವರಣ ದಾಟುವವರೆಗೆ ಕಾಯಬೇಕಿಲ್ಲ ಎಂದಾಯಿತು. ಈಗ ಡಿಫೆಂಡರ್‌ಗಳು ತಮ್ಮ ಗೋಲಿನ ಪಕ್ಕದಲ್ಲೇ ನಿಂತು ಆಟ ಕಟ್ಟಲು ಹೊರಡುತ್ತಾರೆ, ಬೇಟೆಗಾರರು ಆವರಣದ ಅಂಚಿನಲ್ಲೇ ಹೊಂಚಿರುತ್ತಾರೆ.

ಬೆಲೆಯಿಲ್ಲದ ಸೊಗಸು ಯಾವುದೂ ಇಲ್ಲವಲ್ಲ, ಇದಕ್ಕೂ ಬೆಲೆಯಿದೆ. ಎದುರಾಳಿ ಚೆಂಡೇ ಬೇಡ ಎಂದು ಹಿಂದೆ ಸರಿದು ಕೂತರೆ ಯಾರ ಮೇಲೆ ಎರಗುವುದು? 2014–15ರಲ್ಲಿ ಅದೇ ಕ್ಲಾಪ್‌ನ ಅದೇ ಡಾರ್ಟ್‌ಮಂಡ್ ಫೆಬ್ರವರಿ ವೇಳೆಗೆ ಪಟ್ಟಿಯ ತಳದಲ್ಲಿತ್ತು. 2020ರ ಅಕ್ಟೋಬರಿನಲ್ಲಿ ಹಾಲಿ ಚಾಂಪಿಯನ್ ಲಿವರ್‌ಪೂಲ್ ಆಸ್ಟನ್ ವಿಲ್ಲಾ ಎದುರು 7–2ರಿಂದ ಮುಗ್ಗರಿಸಿತು. ಲೀಡ್ಸ್ ತಂಡವನ್ನು 16 ವರ್ಷಗಳ ವನವಾಸದಿಂದ ಪ್ರೀಮಿಯರ್ ಲೀಗ್‌ಗೆ ಮರಳಿ ತಂದ ಮಾರ್ಸೆಲೊ ಬಿಯೆಲ್ಸಾ, ತಂಡ ಗೋಲಿನ ಮೇಲೆ ಗೋಲು ಬಿಟ್ಟುಕೊಡತೊಡಗಿದ ಮೇಲೂ ತನ್ನ ಮುನ್ನುಗ್ಗುವ ಕ್ರಮ ಬಿಡದೆ 2022ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡ. ಇನ್ನು ನಮ್ಮ ಹವೆ. ಕೊಚ್ಚಿ, ಕೋಲ್ಕತ್ತದ ಬೆವರು ಸುರಿಯುವ ಸಂಜೆಗಳಲ್ಲಿ ತೊಂಬತ್ತು ನಿಮಿಷ ಹೀಗೆ ಆಡು ಎಂದರೆ ಆಟಗಾರನ ಪ್ರಾಣಕ್ಕೇ ಬಂದೀತು. ಕಂಠೀರವ ಕ್ರೀಡಾಂಗಣದ ತಂಪಿನಲ್ಲಿ ಆಡುವ ಬೆಂಗಳೂರಿನವರು ಆ ಮಟ್ಟಿಗೆ ಪುಣ್ಯವಂತರು.

ಈ ಆಟದ ನಿಜವಾದ ಎದೆಗಾರಿಕೆ ಇರುವುದು ಮುಂದೆ ಓಡುವವರಲ್ಲಿ ಅಲ್ಲ, ಹಿಂದೆ ನಿಂತವರಲ್ಲಿ ಎಂದು ನನಗೆ ಮನವರಿಕೆಯಾದದ್ದು ಹಾನ್ಸಿ ಫ್ಲಿಕ್‌ನ ಬಾರ್ಸಿಲೋನಾ ನೋಡಿದಾಗ. ಮುಂದಿನವರು ಎದುರಾಳಿಯ ಅಂಗಳಕ್ಕೆ ಏರಿದಾಗ ಹಿಂದಿನ ನಾಲ್ವರೂ ನಡುಗೆರೆಯ ಹತ್ತಿರಕ್ಕೆ ಬಂದು ನಿಲ್ಲುತ್ತಾರೆ. ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ, ಅದರಾಚೆ ಒಬ್ಬ ಗೋಲ್‌ಕೀಪರ್. ಅವರ ಕೈಯಲ್ಲಿರುವ ಆಯುಧ ಆಫ್‌ಸೈಡ್ ಗೆರೆ ಒಂದೇ. ಆ ಗೆರೆಯ ಬಲ ಅವರ ಕಾಲಲ್ಲಿಲ್ಲ, ಐವತ್ತು ಮೀಟರ್ ಮುಂದಿರುವ ಫಾರ್ವರ್ಡ್‌ನ ಕಾಲಲ್ಲಿದೆ. ಚೆಂಡು ಹಿಡಿದವನ ಮೇಲೆ ಒತ್ತಡವಿದ್ದರೆ ಅವನು ತಲೆ ಎತ್ತಿ ನೋಡಲಾರ, ಪಾಸ್ ಅರೆಗಳಿಗೆ ತಡವಾಗುತ್ತದೆ, ಓಡುವವನು ಗೆರೆ ದಾಟಿಬಿಟ್ಟಿರುತ್ತಾನೆ. ಒತ್ತಡ ಇಲ್ಲದಿದ್ದರೆ ಒಂದೇ ಪಾಸ್‌ಗೆ ಎಲ್ಲ ಮುಗಿಯಿತು. 2024ರ ಅಕ್ಟೋಬರ್ 26ರಂದು ಮ್ಯಾಡ್ರಿಡ್‌ನಲ್ಲಿ ರಿಯಲ್ ತಂಡ 12 ಬಾರಿ ಆಫ್‌ಸೈಡ್ ಆಯಿತು, ಕಿಲಿಯನ್ ಎಂಬಾಪೆ ಒಬ್ಬನೇ 8 ಬಾರಿ. ಬಾರ್ಸಿಲೋನಾ 4–0ಯಿಂದ ಗೆದ್ದಿತು. 17ರ ಹರೆಯದ ಕುಬಾರ್ಸಿ ಜಗತ್ತಿನ ಅತಿ ವೇಗದ ಫಾರ್ವರ್ಡ್‌ಗಳಲ್ಲೊಬ್ಬನನ್ನು ತನ್ನ ಬೆನ್ನ ಹಿಂದಕ್ಕೆ ಓಡಲು ಬಿಟ್ಟು, ಗೆರೆಯಿಂದ ಕದಲದೆ ನಿಂತಿದ್ದ. ಮುಂದಿದ್ದ ರಫೀನ್ಯಾ, ಪೆದ್ರಿಯರ ಮೇಲೆ ಅವನಿಗೆ ಎಷ್ಟು ಭರವಸೆ ಇದ್ದಿರಬೇಕು!

ಅದೇ ತಂಡ 2025ರ ಮೇ 6ರಂದು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಟರ್ ಮಿಲಾನ್ ಎದುರು 3–2ರಿಂದ ಮುಂದಿದ್ದು, ಗಾಯದ ಸಮಯದಲ್ಲಿ ಗೋಲು ಬಿಟ್ಟುಕೊಟ್ಟು, ಹೆಚ್ಚುವರಿ ಸಮಯದಲ್ಲಿ 4–3ರಿಂದ ಸೋತಿತು. ನಮ್ಮಲ್ಲಿ ಬೆಳಗಿನ ಜಾವ ಮುಗಿದ ಆ ಪಂದ್ಯದ ಬಗ್ಗೆ ಗೆಳೆಯರು ಮರುದಿನವೇ ಕೇಳಿದರು: "ಕೊನೆಯ ಐದು ನಿಮಿಷ ಹಿಂದೆ ಸರಿದು ನಿಂತಿದ್ದರೆ ಏನಾಗುತ್ತಿತ್ತು?" ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಇಡೀ ವರ್ಷ ಮುಂದಕ್ಕೆ ಹೆಜ್ಜೆಯಿಡಲು ಕಲಿತ ಕಾಲುಗಳು ಐದು ನಿಮಿಷಕ್ಕೆಂದು ಹಿಂದಕ್ಕೆ ನಡೆಯಲಾರವು, ಹಾಗೆ ನಡೆಸಲು ಹೋದರೆ ಎರಡೂ ಕೆಡುತ್ತವೆ. ಐದು ದಿನ ಕಳೆದು ಇದೇ ಬಾರ್ಸಿಲೋನಾ ರಿಯಲ್ ಎದುರು ಆರಂಭದಲ್ಲೇ ಎಂಬಾಪೆಗೆ ಎರಡು ಗೋಲು ಬಿಟ್ಟುಕೊಟ್ಟಿತು, ಗೆರೆಯನ್ನು ಹಿಂದಕ್ಕೆ ಎಳೆಯಲಿಲ್ಲ, ವಿರಾಮದ ಹೊತ್ತಿಗೆ ನಾಲ್ಕು ಹೊಡೆದು 4–3ರಿಂದ ಗೆದ್ದಿತು. ಆ ವಾರವೇ ಸ್ಪೇನಿನ ಲೀಗ್ ಪಟ್ಟ ಅವರ ಪಾಲಾಯಿತು.

ಕಲೆ ಇದ್ದವನು ಆಡುತ್ತಾನೆ, ಇಲ್ಲದವನು ಓಡುತ್ತಾನೆ ಎಂಬ ಮಾತಿಗೆ ಉತ್ತರ ಆ ಮೇ ತಿಂಗಳ ಕೊನೆಯಲ್ಲಿ ಬಂತು. ಪ್ಯಾರಿಸ್ ತಂಡದ ಉಸ್ಮಾನ್ ಡೆಂಬೆಲೆ ಎರಡೂ ಕಾಲಲ್ಲಿ ಒಂದೇ ಸಮ ಆಡಬಲ್ಲವನು, ಡಿಫೆಂಡರ್‌ನನ್ನು ಕಣ್ಣೆದುರೇ ಮಾಯ ಮಾಡಿ ದಾಟಬಲ್ಲವನು. ನನ್ನ ಗೆಳೆಯರು ಬಾಯ್ತುಂಬ ಹೊಗಳುವ ಜಾತಿಯ ಆಟಗಾರ. ಎಂಬಾಪೆ ಬಿಟ್ಟುಹೋದ ಮೇಲೆ ಕೋಚ್ ಲೂಯಿಸ್ ಎನ್ರಿಕೆ ಅವನನ್ನು ನಡುವಿಗೆ ತಂದು ಪ್ರೆಸ್‌ನ ಮೊದಲ ಕಾಲಾಳು ಮಾಡಿದ್ದ. ಮೇ 31ರಂದು ಮ್ಯೂನಿಕ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅವನು ಇಂಟರ್‌ನ ಆವರಣದ ಅಂಚಿನಲ್ಲಿ ಬಗ್ಗಿ ನಿಂತು, ಗೋಲ್ ಕಿಕ್ ತೆಗೆಯಲಿದ್ದ ಗೋಲ್‌ಕೀಪರ್ ಸೊಮರ್‌ನನ್ನೇ ದಿಟ್ಟಿಸುತ್ತಿದ್ದ ಚಿತ್ರವನ್ನು ನೀವೂ ನೋಡಿರಬಹುದು. ಚೆಂಡು ಯಾರಿಗೆ ಹೋದರೂ ಮೊದಲು ಅಲ್ಲಿಗೆ ತಲುಪುತ್ತಿದ್ದವನು ಅವನೇ. ಪ್ಯಾರಿಸ್ 5–0ಯಿಂದ ಗೆದ್ದಿತು. ಆ ಐದರಲ್ಲಿ ಒಂದು ಗೋಲೂ ಡೆಂಬೆಲೆಯದಲ್ಲ. ಆ ಫೈನಲ್‌ನಲ್ಲಿ ಅವನು ಚೆಂಡಿಗಾಗಿ ಎರಗಿದ ರೀತಿಯೊಂದಕ್ಕೇ ಅವನಿಗೆ ಬಾಲನ್ ಡಿ'ಓರ್ ಕೊಡಬೇಕು ಎಂದು ಲೂಯಿಸ್ ಎನ್ರಿಕೆ ಪಂದ್ಯದ ಬಳಿಕ ಹೇಳಿದ. ಸೆಪ್ಟೆಂಬರಿನಲ್ಲಿ ಆ ಪ್ರಶಸ್ತಿ ಡೆಂಬೆಲೆಗೇ ಬಂತು.